ದುಡ್ಡಿಗೆ ಕನ್ನಡ ಬರುತ್ತೆ

ನವೆಂಬರ್ ಬಂತೆಂದರೆ ಮಂಡ್ಯದ ಬ್ಯಾಂಕುಗಳಿಗೂ ಕನ್ನಡ ಬಂದುಬಿಡುತ್ತದೆ. ಬಾಗಿಲಿಗೆ ಹಳದಿ-ಕೆಂಪು ಬಂಟಿಂಗ್ಸ್, ಭುವನೇಶ್ವರಿ ಫೋಟೊಕ್ಕೆ ಸೇವಂತಿಗೆ ಹಾರ, ಸಿಬ್ಬಂದಿಯ ಹೆಗಲ ಮೇಲೆ ಶಾಲು. ಮೊನ್ನೆ ಮದ್ದೂರು ಕಡೆಯ ನಮ್ಮ ಚಿಕ್ಕಮ್ಮನ ಜೊತೆ ಅಂಥದ್ದೊಂದು ಶಾಖೆಗೆ ಹೋಗಿದ್ದೆ. ಗೃಹಲಕ್ಷ್ಮಿಯ 2000 ರೂಪಾಯಿ ಬಂತಾ ಅಂತ ಕೇಳಬೇಕಿತ್ತು, ಅಷ್ಟೇ. ಶಾಲು ಹೊದ್ದ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ, ‘ಕನ್ನಡ್ ಗೊತ್ತಿಲ್ಲ. ಹಿಂದಿ ಮೇ ಬೋಲಿಯೇ’ ಅಂದ.

ಚಿಕ್ಕಮ್ಮ ನನ್ನ ಕಡೆ ತಿರುಗಿ, ‘ಗೊತ್ತಿಲ್ಲ ಅನ್ನೋದ ಎಷ್ಟ್ ಚೆನ್ನಾಗ್ ಕಲ್ತವ್ನೆ ನೋಡ್ಲಾ ಮಗ’ ಅಂದಳು.

ಆಮೇಲೆ ಅವಳೇ ಪಾಸ್‌ಬುಕ್ ತೋರಿಸಿದಳು, ಎರಡು ಬೆರಳೆತ್ತಿದಳು, ಹುಬ್ಬು ಹಾರಿಸಿದಳು. ಅವನು ಕೈಯಾಡಿಸಿ ಆಚೆ ಕೌಂಟರ್ ತೋರಿಸಿದ. ದಕ್ಷಿಣ ಆಫ್ರಿಕಾದವರು 2023ರಲ್ಲಿ ಸನ್ನೆ ಭಾಷೆಯನ್ನು ತಮ್ಮ 12ನೇ ಅಧಿಕೃತ ಭಾಷೆ ಮಾಡಿಕೊಂಡರು. ನಮ್ಮಲ್ಲಿ ಯಾವ ಕಾನೂನೂ ಇಲ್ಲದೆ ಅದು ಜಾರಿಯಲ್ಲಿದೆ. ಅವರದಕ್ಕೆ ವ್ಯಾಕರಣವಿದೆ, ನಮ್ಮದಕ್ಕೆ ಅದೂ ಇಲ್ಲ.

ಮನೆಗೆ ಬಂದವನೇ ಯಾವ ದೇಶದ ಅಧಿಕೃತ ಭಾಷೆ ಯಾವುದು ಅಂತ ನೋಡುತ್ತ ಕೂತೆ. ಹೊಟ್ಟೆ ಉರಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ಓದು ಇಲ್ಲ. ವ್ಯಾಟಿಕನ್ನಿನ ಎಟಿಎಂನಲ್ಲಿ ಲ್ಯಾಟಿನ್ ಇದೆಯಂತೆ. ಲ್ಯಾಟಿನ್ನಿನಲ್ಲಿ ಹಟ ಮಾಡಿ ಅಳುವ ಮಗು ಹುಟ್ಟಿ ಸಾವಿರ ವರ್ಷದ ಮೇಲಾಯಿತು. ಆದರೂ ಯಾರಾದರೂ ಪಾದ್ರಿ ಬಂದು ಕೇಳಿದರೆ ಇರಲಿ ಅಂತ ಯಂತ್ರ ಕಲಿತುಕೊಂಡಿದೆ. ಬೊಲಿವಿಯಾ ಇನ್ನೂ ಘಾಟಿ. ಅದರ 2009ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳು ಅಧಿಕೃತ. ಅದರಲ್ಲೊಂದು ಪುಕಿನಾ. ಆಡುವವರೆಲ್ಲ ಯಾವತ್ತೋ ತೀರಿಹೋದರು, ಭಾಷೆಗೆ ಮಾತ್ರ ಪಟ್ಟ ಕಟ್ಟಿ ಕೂರಿಸಿದ್ದಾರೆ. ನಗಬೇಡಿ. ಸರ್ಕಾರಿ ನೌಕರನಿಗೆ ಇವುಗಳಲ್ಲಿ ಎರಡಾದರೂ ಬರಬೇಕು ಅಂತಲೂ ಅದೇ ಸಂವಿಧಾನದಲ್ಲಿ ಬರೆದಿದ್ದಾರೆ. ಸುಮಾರು 5 ಲಕ್ಷ ಜನರ ಮಾಲ್ಟಾ ದೇಶದ ಭಾಷೆ ಐರೋಪ್ಯ ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲಿ ಒಂದು. 2011ರ ಜನಗಣತಿಯಲ್ಲೇ ಕನ್ನಡ ನಮ್ಮ ಮಾತೃಭಾಷೆ ಅಂತ ಬರೆಸಿದವರು 4.37 ಕೋಟಿ.

ನಮ್ಮಲ್ಲಿ ಏನಿಲ್ಲ ಹೇಳಿ? 1963ರ ರಾಜಭಾಷಾ ಕಾಯ್ದೆ ಇದೆ. 2008ರ ಶಾಸ್ತ್ರೀಯ ಸ್ಥಾನಮಾನ ಇದೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕೆಂಬ 2024ರ ತಿದ್ದುಪಡಿಯೂ ಇದೆ. ಆ ಶಾಖೆಯ ಬೋರ್ಡು ನೋಡಿದೆ, ಕನ್ನಡ ದಪ್ಪಕ್ಷರದಲ್ಲಿ ಮೇಲೇ ಇದೆ, ತಕರಾರಿಲ್ಲ. ಉಳಿದ ಶೇ 40 ಒಳಗೆ ಶಾಲು ಹೊದ್ದು ಕೂತಿದೆ. ಅದೇ ವರ್ಷದ ಡಿಸೆಂಬರಿನಲ್ಲಿ 87ನೇ ಸಾಹಿತ್ಯ ಸಮ್ಮೇಳನವನ್ನೂ ಮಂಡ್ಯದಲ್ಲೇ ಮಾಡಿದೆವು. ಬಾಡೂಟ ಬೇಕು ಬೇಡ ಅಂತ ಜಗಳವಾಡಿದ್ದು ನಿಮಗೂ ನೆನಪಿರಬೇಕು. ಆ ಗಲಾಟೆಯಲ್ಲಿ ಬ್ಯಾಂಕಿನ ಚಲನ್ ಯಾವ ಭಾಷೆಯಲ್ಲಿರಬೇಕು ಅಂತ ಕೇಳುವುದು ಮರೆತೇಹೋಯಿತು.

ಇನ್ನೊಂದು ತಮಾಷೆ. ನಿಮ್ಮ ಜೇಬಿನಲ್ಲಿರುವ ನೋಟು ತೆಗೆದು ಹಿಂಬದಿ ನೋಡಿ. ಪಕ್ಕದಲ್ಲಿ 15 ಭಾಷೆಗಳ ಪಟ್ಟಿ, ಮೇಲಿಂದ ನಾಲ್ಕನೆಯದು ಕನ್ನಡ. ದೇಶದ ನೋಟು ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಂದರೆ ದುಡ್ಡಿಗೆ ಕನ್ನಡ ಬರುತ್ತೆ, ದುಡ್ಡು ಎಣಿಸುವವನಿಗೆ ಬರಲ್ಲ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನೂ ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವನು. ಮುದ್ದೆ ಉಣ್ಣುವ ಊರಿಗೆ ಹಾಕುವಾಗ ನಾಲ್ಕು ಮಾತು ಕಲಿಸಿ ಕಳಿಸಬೇಕು ಅಂತ ಮೇಲೆ ಕೂತವರಿಗೆ ಅನ್ನಿಸಲಿಲ್ಲವಲ್ಲ, ಬೈಗುಳ ಸಲ್ಲಬೇಕಾದ್ದು ಅವರಿಗೆ. ತಮಾಷೆ ಮಾಡುತ್ತ ಬಂದೆ, ಈಗ ಆಗುತ್ತಿಲ್ಲ. ಚಿಕ್ಕಮ್ಮನಿಗೆ ಓದೋಕೆ ಬರೆಯೋಕೆ ಬರುತ್ತೆ. ಪೇಪರ್ ಓದುತ್ತಾಳೆ, ಮೊಮ್ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟವಳು. ಆಚೆ ಕೌಂಟರಿನಲ್ಲಿ ಕೊಟ್ಟ ಕೆವೈಸಿ ಫಾರಂ ಹಿಂದಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ತಿರುಗಿಸಿ ಮುರುಗಿಸಿ ನೋಡಿದಳು. ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಇದ್ದಳು. ಅಷ್ಟರಲ್ಲಿ ಆ ಕಡೆಯಿಂದ ಇಂಕ್ ಪ್ಯಾಡು ಮುಂದಕ್ಕೆ ಬಂತು. ಅರವತ್ತೆಂಟು ವರ್ಷದ ಹೆಂಗಸನ್ನು ಅವಳ ಊರಲ್ಲೇ ಹೆಬ್ಬೆಟ್ಟು ಮಾಡಿದರು. ಪಕ್ಕದಲ್ಲಿ ನಿಂತು ನಾನು ಫಾರಂ ತುಂಬಿಕೊಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹೊರಗೆ ಬಂದರೆ ಎಳನೀರು ಗಾಡಿ. ಅಷ್ಟು ಹೊತ್ತಿಗೆ ನನಗೊಂದು ಫೋನು ಬಂದು ನಾನು ಅತ್ತ ಸರಿದಿದ್ದೆ. ಚಿಕ್ಕಮ್ಮ ತನ್ನ ಮೊಬೈಲು ಅವನ ಕೈಗೆ ಕೊಟ್ಟಳು. ಅವನು ಮಚ್ಚು ಕೆಳಗಿಟ್ಟು, ಕೈ ಲುಂಗಿಗೆ ಒರೆಸಿಕೊಂಡು, ಇಂಗ್ಲಿಷ್ ಮೆಸೇಜುಗಳನ್ನು ಒಂದೊಂದಾಗಿ ಮೇಲೆ ತಳ್ಳುತ್ತ ಹೋದ.

‘ಬಂದದೆ ಕಣವ್ವ. ಎರಡ್ ಸಾವ್ರ. ಮೊನ್ನೆ ಸೋಮಾರನೇ ಬಂದದೆ.’

‘ಅಂಗಾದ್ರೆ ಎರಡ್ ಕೊಚ್ಚಪ್ಪ, ಎಳೇದು ನೋಡಿ’ ಅಂದಳು ಚಿಕ್ಕಮ್ಮ. ರೇಟು ಕೇಳಲೇ ಇಲ್ಲ.