ಕಾರವಾರಕ್ಕೆ ಇಳಿದವರಿಗೆ ಕಾರವಾರವನ್ನೇ ತೋರಿಸಿ

ಕಾರವಾರಕ್ಕೆ ಕ್ರೂಸ್ ಹಡಗು ಬಂದರೆ ಪ್ರವಾಸಿಗರನ್ನು ಜೋಗ, ಯಾಣಕ್ಕೆ ಕರೆದೊಯ್ಯಬೇಕು ಎಂದು ಲೇಖನವೊಂದರಲ್ಲಿ ಬಂದ ಸಲಹೆ ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಹಡಗು ಹತ್ತಬೇಕು. ಅವರಲ್ಲಿ ವಯಸ್ಸಾದವರೂ ಇರುತ್ತಾರೆ. ಗೋಕರ್ಣಕ್ಕೇ ಸುಮಾರು 60 ಕಿ.ಮೀ.; ಜೋಗಕ್ಕೆ ಹೊರಟರೆ ಘಟ್ಟದ ತಿರುವಿನಲ್ಲೇ ದಿನ ಮುಗಿಯುತ್ತದೆ.

ಅವರಿಗೆ ಬೇಕಿರುವುದು ಊರು. ಮೀನು ಮಾರುಕಟ್ಟೆಯಲ್ಲಿ ಬಂಗಡೆ, ಇಸೋಣ ಚೌಕಾಸಿ ಮಾಡುವ ಅಕ್ಕಂದಿರು, ಭಾನುವಾರದ ಸಂತೆ, ಕಾಳಿ ನದಿ ಸಮುದ್ರ ಸೇರುವ ಜಾಗ, ಎದುರಿಗೆ ಸದಾಶಿವಗಡದ ಕೋಟೆಗುಡ್ಡ. ಮಧ್ಯಾಹ್ನ ಕುಚಲಕ್ಕಿ ಅನ್ನ, ಮೀನು ಸಾರು, ಸೋಲ್‌ಕಡಿ. ಟ್ಯಾಗೋರ್ 1880ರ ದಶಕದಲ್ಲಿ ಇಲ್ಲಿದ್ದುದನ್ನು ಹೇಳಬಲ್ಲ ನಮ್ಮ ಹುಡುಗ ಹುಡುಗಿಯರನ್ನೇ ಗೈಡ್ ಮಾಡಿ. ಅದಕ್ಕೂ ಮೊದಲು ಕಡಲತೀರದಲ್ಲಿ ಸ್ವಚ್ಛ ಶೌಚಾಲಯ, ನೆರಳು, ಕೂರಲು ಬೆಂಚು ಆಗಲಿ. ನಮಗೂ ಅವು ಬೇಕು.