ಜೀಪೇ ಇಲ್ಲದ ಜೀಪ್-ಬೋಟ್-ಜೀಪ್

ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಲಾ ಫೋರ್ತುನಾ ಅನ್ನುವ ಊರಿನಿಂದ ಬೆಟ್ಟದ ಮೇಲಿನ ಮೊಂತೆವೆರ್ದೆಗೆ ಹೋಗಬೇಕು ಅಂದರೆ ಎಲ್ಲರೂ ಕೊಡುವುದು ಒಂದೇ ಸಲಹೆ: ‘ಜೀಪ್-ಬೋಟ್-ಜೀಪ್ ಹಿಡೀರಿ.’ ಕೆರೆಯ ತನಕ ಜೀಪ್, ಕೆರೆ ದಾಟಲು ಬೋಟ್, ಆಚೆ ದಡದಿಂದ ಮತ್ತೆ ಜೀಪ್. ಹೆಸರಿನಲ್ಲೇ ಎರಡೆರಡು ಜೀಪ್. ನಾನು ಆ ಹೆಸರಿಗೇ ಮರುಳಾದೆ. ಟೋಪಿ ಕೊಂಡೆ. ಧೂಳಿಗೆ ಅಂತ ಕರವಸ್ತ್ರವನ್ನೂ ಕುತ್ತಿಗೆಗೆ ಕಟ್ಟಿಕೊಂಡೆ. ಬೆಳಿಗ್ಗೆ ಹೋಟೆಲಿನ ಮುಂದೆ ಬಂದು ನಿಂತಿದ್ದು ಒಂದು ಬಿಳಿ ವ್ಯಾನ್. ಎಸಿ ಇತ್ತು. ಕಿಟಕಿಗೆ ಪರದೆ ಇತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಆಗಲೇ ಗೊರಕೆ ಹೊಡೆಯುತ್ತಿದ್ದ.

‘ಜೀಪ್ ಎಲ್ಲಿ?’ ಅಂದೆ. ಡ್ರೈವರ್ ನಕ್ಕು, ‘ಪುರಾ ವಿದಾ’ ಅಂದ. ಅಕ್ಷರಕ್ಕೆ ಅಕ್ಷರ ಹೇಳಿದರೆ ‘ಶುದ್ಧ ಜೀವನ’ ಅಂತ. ಅಲ್ಲಿಯವರು ನಮಸ್ಕಾರಕ್ಕೂ ಅದನ್ನೇ ಹೇಳುತ್ತಾರೆ, ಥ್ಯಾಂಕ್ಸಿಗೂ ಅದನ್ನೇ. ‘ಸುಮ್ನೆ ಹತ್ತಯ್ಯಾ’ ಅನ್ನುವುದಕ್ಕೂ ಅದೇ ಅಂತ ಅವತ್ತು ಗೊತ್ತಾಯಿತು. ಕೆಲವರು ನಾಚಿಕೊಂಡು ಈಗ ಇದನ್ನು ‘ಟ್ಯಾಕ್ಸಿ-ಬೋಟ್-ಟ್ಯಾಕ್ಸಿ’ ಅಂತ ಕರೆಯುತ್ತಾರೆ. ನನಗೆ ಟ್ಯಾಕ್ಸಿಯೂ ಕಾಣಲಿಲ್ಲ. ಬೋಟ್ ಮಾತ್ರ ಬೋಟೇ.

ವಿಷಯ ಇಷ್ಟೇ. ಎರಡೂ ಊರಿನ ನಡುವೆ ಹಕ್ಕಿ ಹಾರುವ ದೂರ ಸುಮಾರು 25 ಕಿ.ಮೀ. ನಡುವೆ ಬೆಟ್ಟ, ಕಾಡು, ಕೆರೆ. ನೇರ ರಸ್ತೆ ಇಲ್ಲ. ತಿಲರಾನ್ ಅನ್ನುವ ಊರಿನ ಮೇಲೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವ ಹಾಗೆ ಹೋದರೆ ಮೂರೂವರೆ, ನಾಲ್ಕು ಗಂಟೆ. ಬೋಟು ಹತ್ತಿದರೆ ಮೂರು. ಉಳಿದ ಆ ಅರ್ಧ ಗಂಟೆಯನ್ನು ನಾವು ದಡದಲ್ಲಿ ಸೂಟ್‌ಕೇಸ್ ಎಣಿಸುತ್ತಾ ಕಳೆದೆವು. ರಸ್ತೆ ಇಲ್ಲ ಅಂತ ಬೇರೆ ಕಡೆ ಜನ ಧರಣಿ ಕೂರುತ್ತಾರೆ. ಇಲ್ಲಿ ಮುಂಗಡ ಬುಕಿಂಗ್ ಮಾಡುತ್ತಾರೆ.

ಬುಕಿಂಗ್ ಚೀಟಿಯಲ್ಲಿ ‘ಪ್ರಕೃತಿಯ ಮಡಿಲು’ ಅಂತಿತ್ತು. ಈಗಿನ ಅರೆನಾಲ್ ಕೆರೆ ಇರುವುದು 1979ರಲ್ಲಿ ಕರೆಂಟಿಗಾಗಿ ಕಟ್ಟಿದ ಅಣೆಕಟ್ಟೆಯಿಂದ. ಹಳೇ ಅರೆನಾಲ್, ತ್ರೊನಾದೋರಾ ಅನ್ನುವ ಊರುಗಳು ಮುಳುಗಿ, ಜನ ಗಂಟುಮೂಟೆ ಕಟ್ಟಿದರು. ಅವರದ್ದೂ ಒಂದು ಪ್ರಯಾಣ, ಆದರೆ ಅದನ್ನು ಯಾರೂ ‘ಸೀನಿಕ್’ ಅನ್ನಲಿಲ್ಲ. ನಮ್ಮ ವ್ಯಾನ್ ನಿಂತಿದ್ದೂ ಆ ಅಣೆಕಟ್ಟೆಯ ಹತ್ತಿರವೇ. ಎಲ್ಲರೂ ಮೊಬೈಲನ್ನು ಈ ಕಡೆ ಆ ಕಡೆ ತಿರುಗಿಸಿ, ಅದೊಂದು ಮಾತ್ರ ಬರದ ಹಾಗೆ ಫೋಟೊ ಹೊಡೆದರು.

ಬೋಟಿನಲ್ಲಿ ಗೈಡ್ ಮೋಡದ ಕಡೆ ಕೈ ತೋರಿಸಿದ. ‘ಅಲ್ಲಿ ನೋಡಿ, ಅರೆನಾಲ್ ಜ್ವಾಲಾಮುಖಿ.’ ಎಲ್ಲರೂ ಮೋಡ ನೋಡಿದೆವು. 1968ರ ಜುಲೈ 29ರಂದು ಸಿಡಿದು ಹಳ್ಳಿಗಳನ್ನೇ ಅಳಿಸಿಹಾಕಿದ ಬೆಟ್ಟ ಅದು. 2010ರಿಂದ ತೆಪ್ಪಗಿದೆ. ಆ ಮೋಡದ ನನ್ನ ಹತ್ತಿರವೇ 14 ಫೋಟೊ ಇವೆ. ಒಂದರಲ್ಲಿ ಸ್ವಲ್ಪ ಕಪ್ಪಗೆ ಕಾಣುತ್ತದೆ. ಅದು ಬೆಟ್ಟ ಅಂತ ನಾನು ವಾದಿಸುತ್ತೇನೆ, ಮನೆಯವರು ನಿನ್ನ ಹೆಬ್ಬೆರಳು ಅನ್ನುತ್ತಾರೆ.

ಆಚೆ ದಡದಲ್ಲಿ ಕಟ್ಟೆ ಇಲ್ಲ, ಮೆಟ್ಟಿಲಿಲ್ಲ. ಒಂದು ಹಲಗೆ, ಆಮೇಲೆ ಕೆಸರು. ನನ್ನ ಮುಂದಿದ್ದ ಹೆಂಗಸಿನ ಸೂಟ್‌ಕೇಸಿಗೆ ನಾಲ್ಕು ಚಕ್ರ, ‘ಎತ್ತ ಬೇಕಾದರೂ ತಿರುಗುತ್ತೆ’ ಅನ್ನುವ ಜಾತಿಯದ್ದು. ನಾಲ್ಕೂ ನಾಲ್ಕು ಕಡೆ ತಿರುಗಿ ಹೂತುಕೊಂಡವು. ಆಕೆ ಎಳೆಯುತ್ತಿದ್ದರು. ಗಂಡ ಪಕ್ಕದಲ್ಲೇ ನಿಂತು ವಿಡಿಯೊ ಮಾಡುತ್ತಿದ್ದ. ‘ಇನ್ನೊಂದ್ಸಲ ಎಳಿ, ಮುಖ ಬರಲಿಲ್ಲ’ ಅನ್ನುವ ಹಾಗೆ ಕೈ ಆಡಿಸಿದ. ಆಕೆ ಅವನ ಕಡೆ ನೋಡಿದ ನೋಟ ಇತ್ತಲ್ಲ, ಆ ದಾರಿಯಲ್ಲಿ ನಾನು ಕಂಡ ಜೀವಂತ ಜ್ವಾಲಾಮುಖಿ ಅದೊಂದೇ.

ಮುಂದೆ ಇನ್ನೊಂದು ವ್ಯಾನ್, ಜಲ್ಲಿ ರಸ್ತೆ, ಒಂದೂವರೆ ಗಂಟೆ ಕುಲುಕಾಟ. ಮೊಂತೆವೆರ್ದೆಗೆ 1951ರಲ್ಲಿ ಅಮೆರಿಕದಿಂದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಬಂದು ನೆಲೆಸಿದರು. ಅವರಿಗೆ ಯುದ್ಧ ಬೇಡವಾಗಿತ್ತು, ಈ ದೇಶ 1948ರಲ್ಲೇ ಸೈನ್ಯ ಬೇಡ ಅಂದಿತ್ತು. ರಸ್ತೆ ಕೆಟ್ಟದಾಗಿದ್ದರೆ ಜನ ಜಾಸ್ತಿ ಬರಲ್ಲ, ಕಾಡು ಉಳಿಯುತ್ತೆ ಅಂತ ಊರಿನ ಹಲವರು ಆಮೇಲೂ ಡಾಂಬರು ಬೇಡ ಅನ್ನುತ್ತಿದ್ದರು. ಪಾಪ, ಕೆಟ್ಟ ರಸ್ತೆಗೂ ಟಿಕೆಟ್ ಹಾಕಿ ಮಾರಬಹುದು ಅಂತ ಅವರಿಗೇನು ಗೊತ್ತು?

ಮೊಂತೆವೆರ್ದೆಯ ಪೇಟೆ ಸಾಂತಾ ಎಲೆನಾದಲ್ಲಿ ಇಳಿದಾಗ ರಸ್ತೆ ಬದಿ ಒಂದು ಹಳೇ ಜೀಪ್ ನಿಂತಿತ್ತು. ನಿಜವಾದದ್ದು. ಹಿಂದೆ ಹಾಲಿನ ಕ್ಯಾನುಗಳಿದ್ದವು. ನಮ್ಮ ವ್ಯಾನಿನವರೆಲ್ಲ ಸಾಲಾಗಿ ಹೋಗಿ ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡೆವು. ಜೀಪಿನವನು ಬೀಗದ ಕೈ ಹಿಡಿದು ಹತ್ತು ನಿಮಿಷ ಕಾದ. ಆಮೇಲೆ ‘ಪುರಾ ವಿದಾ’ ಅಂದ. ಈ ಸಲ ನಾವು ಸರಿದು ನಿಂತೆವು.