ಪುಕ್ಕಟೆ ಐಸ್ ಉಳಿಯಬೇಕು

ಡಿಸೆಂಬರ್ ಬಂತೆಂದರೆ ಕೆನಡಾದ ಒಟ್ಟಾವಾದ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ಚಳಿ, ಕತ್ತಲು, ಬೇಜಾರು, ಬೆಂಗಳೂರಿಗೆ ಟಿಕೆಟ್ ಎಷ್ಟಾಗಿದೆ. ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಅದು ಸಹಜ. ಆದರೆ ನವೆಂಬರಿನಲ್ಲಿ ಬಾಗಿಲು ಹಾಕಿಕೊಂಡು ಏಪ್ರಿಲ್‌ನಲ್ಲಿ ತೆಗೆಯುವ ನಮ್ಮವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಊರಿನ ಅತ್ಯಂತ ಒಳ್ಳೆಯ ಜಾಗ ತೆರೆಯುವುದೇ ಚಳಿಗಾಲದಲ್ಲಿ. ಅದಕ್ಕೆ ಗೇಟಿಲ್ಲ, ಟಿಕೆಟ್ಟಿಲ್ಲ.

ರಿಡೋ ಕಾಲುವೆಯ ಮಾತು ಹೇಳುತ್ತಿದ್ದೇನೆ. ಬೇಸಿಗೆಯಲ್ಲಿ ದೋಣಿ ಓಡಾಡುವ ನೀರು, ಜನವರಿಯಲ್ಲಿ 7.8 ಕಿಲೋಮೀಟರ್ ಉದ್ದದ ಐಸ್ ದಾರಿ ಆಗುತ್ತದೆ. ಪಾರ್ಲಿಮೆಂಟ್ ಹತ್ತಿರ ಇಳಿದರೆ ಊರಿನ ನಡುವೆಯೇ, ಸೇತುವೆಗಳ ಕೆಳಗೇ ಜಾರಿಕೊಂಡು ಡೌಸ್ ಲೇಕ್‌ವರೆಗೆ, ಅದರಾಚೆಗೂ ಹೋಗಬಹುದು. ಹಸಿರು ಬಾವುಟ ಇದ್ದರೆ ತೆರೆದಿದೆ, ಕೆಂಪು ಇದ್ದರೆ ಇಳಿಯಬಾರದು, ಅಷ್ಟೇ ನಿಯಮ. ಹಗಲು ರಾತ್ರಿ ಯಾವಾಗ ಬೇಕಾದರೂ ಹೋಗಿ. ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಸ್ಕೇಟ್ (ತಳದಲ್ಲಿ ಬ್ಲೇಡಿರುವ ಬೂಟು) ಮೇಲೆಯೇ ಆಫೀಸಿಗೆ ಹೋಗುವವರಿದ್ದಾರೆ. ಕಾರ್ಲ್ಟನ್ ಯೂನಿವರ್ಸಿಟಿ ಹುಡುಗರು ಕ್ಲಾಸಿಗೆ ಹೋಗುವುದೂ ಹಾಗೆಯೇ. ಮಧ್ಯದಲ್ಲಿ ಹಸಿವಾದರೆ ಐಸ್ ಮೇಲೇ ಅಂಗಡಿ ಇರುತ್ತದೆ. ಬೀವರ್‌ಟೇಲ್ ಅಂತ ಹಿಟ್ಟನ್ನು ಉದ್ದಕ್ಕೆ ಲಟ್ಟಿಸಿ ಕರಿದು, ಚಕ್ಕೆಪುಡಿ ಸಕ್ಕರೆ ಉದುರಿಸಿ ಕೊಡುತ್ತಾರೆ. ಬಿಸಿಬಿಸಿ ತಿನ್ನಬೇಕು. ಆ ಚಳಿಯಲ್ಲಿ ಎರಡೇ ನಿಮಿಷಕ್ಕೆ ಆರಿಬಿಡುತ್ತದೆ.

ಈ ಕಾಲುವೆಯನ್ನು ಕಟ್ಟಿದ್ದು ಆಟಕ್ಕಲ್ಲ, ಯುದ್ಧದ ಭಯಕ್ಕೆ. ಅಮೆರಿಕ ಮತ್ತೆ ದಾಳಿ ಮಾಡಿದರೆ ಸಾಮಾನು, ಸೈನ್ಯ ಸಾಗಿಸಲು ಒಂದು ಒಳದಾರಿ ಇರಲಿ ಅಂತ ಬ್ರಿಟಿಷರು ಕಿಂಗ್‌ಸ್ಟನ್‌ವರೆಗೆ 202 ಕಿಲೋಮೀಟರ್ ಕಾಲುವೆ ಮಾಡಿಸಿದರು. 1832ರಲ್ಲಿ ಮುಗಿಯಿತು. ಜೌಗು ನೆಲದಲ್ಲಿ ಮಲೇರಿಯಾ ಬಂದು ಕೂಲಿಯವರು ಎಷ್ಟೋ ಜನ ಸತ್ತರು. ಹೌದು, ಕೆನಡಾದಲ್ಲಿ ಮಲೇರಿಯಾ! ನಾನು ಮೊದಲು ಓದಿದಾಗ ನಂಬಲೇ ಇಲ್ಲ. ಆ ಯುದ್ಧ ಬರಲೇ ಇಲ್ಲ, ಕಾಲುವೆ ಉಳಿಯಿತು. ಮುಂದೆ 1971ರ ಜನವರಿಯಲ್ಲಿ ರಾಜಧಾನಿಯ ಉಸ್ತುವಾರಿ ನೋಡುವ ನ್ಯಾಷನಲ್ ಕ್ಯಾಪಿಟಲ್ ಕಮಿಷನ್, ಅಂದರೆ ಎನ್‌ಸಿಸಿ ಅಧ್ಯಕ್ಷ ಡಗ್ಲಸ್ ಫುಲರ್ಟನ್, ನ್ಯಾಷನಲ್ ಆರ್ಟ್ಸ್ ಸೆಂಟರ್ ಹತ್ತಿರ ಹಿಮ ಗುಡಿಸಿ ಜನರನ್ನು ಬಿಡಿ ಎಂದರು. ಕೆಲಸಗಾರರು ಸಲಿಕೆ, ಪೊರಕೆ ಹಿಡಿದು ಇಳಿದರು. ಜನ ಮುಗಿಬಿದ್ದರು. ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಒಂದು ಊರಿನ ಚಳಿಗಾಲವೇ ಬದಲಾಗುತ್ತದೆ ಅಂತ ನನಗೆ ಅನ್ನಿಸುವುದು ಇದಕ್ಕೇ. ಹೊಸದಾಗಿ ಏನನ್ನೂ ಕಟ್ಟಲಿಲ್ಲ ನೋಡಿ. ಇದ್ದ ಜಾಗವನ್ನೇ ಗುಡಿಸಿ ಜನರಿಗೆ ಬಿಟ್ಟರು.

ಐಸ್ ತಾನಾಗೇ ಸಿದ್ಧವಾಗುತ್ತದೆ ಅಂದುಕೊಳ್ಳುತ್ತಾರೆ, ಹಾಗಲ್ಲ. ಕನಿಷ್ಠ 30 ಸೆಂಟಿಮೀಟರ್ ದಪ್ಪ ಗಟ್ಟಿ ಐಸ್ ಬೇಕು. ಅಷ್ಟಾಗಲು ಮೈನಸ್ 10ರಿಂದ ಮೈನಸ್ 20ರ ಚಳಿ ಹತ್ತು ಹದಿನಾಲ್ಕು ದಿನ ಬಿಡದೆ ಹಿಡಿಯಬೇಕು. ಹಿಮ ಬಿದ್ದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಉಲ್ಟಾ. ಹಿಮ ಕಂಬಳಿಯ ಹಾಗೆ ಮುಚ್ಚಿಕೊಂಡು ಚಳಿಯನ್ನು ಕೆಳಗೆ ಬಿಡುವುದಿಲ್ಲ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಐಸ್ ಕೂಡ ಅಷ್ಟು ಗಟ್ಟಿಯಲ್ಲ, ಪಾರದರ್ಶಕವಾಗಿ ಕಪ್ಪಗೆ ಕಾಣುವುದೇ ಗಟ್ಟಿ. ಹಾಗಾಗಿ ಹಿಮ ಬಿದ್ದಾಗೆಲ್ಲ ಗುಡಿಸಬೇಕು. ರಾತ್ರಿ ಐಸ್‌ಗೆ ತೂತು ಕೊರೆದು, ಕೆಳಗಿನ ನೀರನ್ನೇ ಪಂಪ್ ಮಾಡಿ ಮೇಲೆ ಹರಡುತ್ತಾರೆ. ಬೆಳಗಾಗುವಷ್ಟರಲ್ಲಿ ಬಿರುಕೆಲ್ಲ ಮುಚ್ಚಿ ನುಣ್ಣಗಾಗಿರುತ್ತದೆ. ನಾವು ಮಲಗಿರುವಾಗ ಯಾರೋ ಆ ಚಳಿಯಲ್ಲಿ ನಿಂತು ಮಾಡುವ ಕೆಲಸ ಇದು.

ಅಮ್ಮ ಹಾಸನದಿಂದ ಬಂದದ್ದು ಜನವರಿಯಲ್ಲಿ. ಎಲ್ಲರೂ ಬೇಸಿಗೆಯಲ್ಲಿ ಕರೆಸಿಕೊಳ್ಳಿ ಅಂದಿದ್ದರು. ಸ್ಕೇಟ್ ಇಲ್ಲದಿದ್ದರೂ ಪರವಾಗಿಲ್ಲ, ಬೂಟು ಹಾಕಿಕೊಂಡು ಅಂಚಿನಲ್ಲಿ ನಡೆಯಬಹುದು. ಹಾಗೇ ಕಾಲುವೆಗೆ ಕರೆದುಕೊಂಡು ಹೋದೆ. ಅಮ್ಮ ನಾಲ್ಕು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಬಗ್ಗಿ, ಗ್ಲೌಸ್ ತೆಗೆದು ಐಸ್ ಮುಟ್ಟಿದರು. "ಇದರ ಕೆಳಗೆ ನೀರಿದೆಯೇನೇ?" ಇದೆಯಮ್ಮಾ ಅಂದೆ. "ಮತ್ತೆ ಇಷ್ಟು ಜನ ನಿಂತಿದಾರಲ್ಲೇ!" ಅಂತ ನನ್ನ ತೋಳು ಗಟ್ಟಿಯಾಗಿ ಹಿಡಿದರು. ಅಷ್ಟರಲ್ಲಿ ಅವರಿಗಿಂತ ದೊಡ್ಡ ವಯಸ್ಸಿನ ಹೆಂಗಸೊಬ್ಬರು, ಕೈ ಹಿಂದೆ ಕಟ್ಟಿಕೊಂಡು, ನಿಧಾನವಾಗಿ ಒಂದೊಂದೇ ಕಾಲು ಚಾಚುತ್ತಾ ನಮ್ಮ ಪಕ್ಕದಲ್ಲೇ ಹಾದು ಹೋದರು. ಅಮ್ಮ ಅವರು ಸೇತುವೆ ದಾಟುವವರೆಗೂ ನೋಡಿದರು. ಆಮೇಲೆ ಮೂರು ತಿಂಗಳು "ಇವತ್ತು ಬಾವುಟ ಯಾವ ಬಣ್ಣ?" ಅಂತ ಕೇಳಿದ್ದು ಅವರೇ.

ಇಷ್ಟೆಲ್ಲ ಹೇಳಿ ಈಗ ವಿಷಯಕ್ಕೆ ಬರುತ್ತೇನೆ. 2022-23ರ ಚಳಿಗಾಲದಲ್ಲಿ ಕಾಲುವೆ ಒಂದು ದಿನವೂ ತೆರೆಯಲಿಲ್ಲ. ಶುರುವಾದ ಮೇಲೆ ಹಾಗಾದದ್ದು ಅದೇ ಮೊದಲು. ಮರುವರ್ಷ ತೆರೆದರೂ ಸಿಕ್ಕಿದ್ದು ಒಟ್ಟು ಹತ್ತೇ ದಿನ. 2025ರ ಜನವರಿ 11ಕ್ಕೆ ಮತ್ತೆ ತೆರೆದು ಚೆನ್ನಾಗಿ ನಡೆದಾಗ ಜನರ ಮುಖ ನೋಡಬೇಕಿತ್ತು. ಆದರೆ ಒಂದು ಒಳ್ಳೆಯ ವರ್ಷ ಸಿಕ್ಕಿತು ಅಂತ ಸುಮ್ನೆ ಇರುವ ಹಾಗಿಲ್ಲ. ಚಳಿ ತಡವಾಗಿ ಬರುತ್ತಿದೆ, ಬೇಗ ಹೋಗುತ್ತಿದೆ. ಎನ್‌ಸಿಸಿಯವರು ಕಾರ್ಲ್ಟನ್ ಯೂನಿವರ್ಸಿಟಿ ಜೊತೆ ಸೇರಿ ಐಸ್ ಬೇಗ ಕಟ್ಟಿಸುವ ದಾರಿ ಹುಡುಕುತ್ತಿದ್ದಾರೆ. ನಮ್ಮ ಶಿಮ್ಲಾದಲ್ಲೂ ಇದೇ ಕಥೆ. 1920ರಿಂದ ಬಯಲಲ್ಲಿ ನೀರು ಹಾಯಿಸಿ, ರಾತ್ರಿಯ ಚಳಿಗೇ ಐಸ್ ಕಟ್ಟಿಸುತ್ತಿದ್ದ ರಿಂಕ್, ಅಂದರೆ ಸ್ಕೇಟಿಂಗ್ ಅಂಗಳ, ಅದು. ಅಲ್ಲೂ ಆಡಲು ಸಿಗುವ ದಿನಗಳು ಕಡಿಮೆಯಾಗಿವೆ.

ಐಸ್ ಹೋಗುವುದಕ್ಕಿಂತ ನನಗೆ ಜಾಸ್ತಿ ಹೆದರಿಕೆ ಇನ್ನೊಂದಿದೆ. ಕಾಲುವೆ ಕೈಕೊಟ್ಟಾಗ ಜನ ಏನು ಮಾಡುತ್ತಾರೆ? ಕಾರಿದ್ದವರು ಊರ ಹೊರಗಿನ ಟಿಕೆಟ್ ಜಾಗಗಳಿಗೆ ಹೋಗುತ್ತಾರೆ. ಅಲ್ಲಿ ನಾಲ್ಕು ಜನರ ಮನೆಯವರು ಒಂದು ಮಧ್ಯಾಹ್ನ ಆಡಿ ಬಂದರೆ ವಾರದ ತರಕಾರಿ ದುಡ್ಡು ಖಾಲಿ. ಹೊಸದಾಗಿ ಬಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು, ರಾತ್ರಿ ಪಾಳಿ ಮುಗಿಸಿ ಬರುವವರು, ಅವರ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ನಾವು ಟೆನಿಸ್ ಬಾಲ್ ಕ್ರಿಕೆಟ್ ಆಡಿದ ಖಾಲಿ ಸೈಟು, ಮೈದಾನಗಳು ಹೋದವು. ಈಗ ಗಂಟೆಗೆ ಇಷ್ಟು ಅಂತ ಕೊಟ್ಟು ಟರ್ಫ್ ಬುಕ್ ಮಾಡಬೇಕು. ಹಾಗೆ ಒಮ್ಮೆ ಟಿಕೆಟ್ ಕೌಂಟರ್ ಬಂದು ಕೂತರೆ ಅದು ಮತ್ತೆ ಏಳುವುದಿಲ್ಲ.

ಅದಕ್ಕೇ ನಾನು ಹೇಳುವುದು, ಯಂತ್ರದಿಂದ ತಂಪು ಮಾಡುವ ಬಯಲು ರಿಂಕ್‌ಗಳನ್ನು ಊರಿನ ಖರ್ಚಿನಲ್ಲಿ ಹೆಚ್ಚಿಸಬೇಕು, ಅವು ಪುಕ್ಕಟೆಯಾಗೇ ಇರಬೇಕು. ಸಿಟಿ ಹಾಲ್ ಮುಂದೆ ಒಂದಿದೆ, ಲ್ಯಾನ್ಸ್‌ಡೌನ್‌ನಲ್ಲಿ ಒಂದಿದೆ. ಕಾಂಕ್ರೀಟಿನ ಕೆಳಗೆ ಪೈಪು ಹಾಯಿಸಿರುತ್ತಾರೆ, ಹೊರಗೆ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೂ ಐಸ್ ನಿಲ್ಲುತ್ತದೆ. ಆದರೆ ಇಂಥವು ಊರಿಗೆಲ್ಲ ಬೆರಳೆಣಿಕೆಯಷ್ಟೇ. ಅಪಾರ್ಟ್‌ಮೆಂಟ್‌ಗಳು ಜಾಸ್ತಿ ಇರುವ, ಹೊಸಬರೇ ತುಂಬಿರುವ ಬಡಾವಣೆಗಳಿಗೆ ಮೊದಲು ಕೊಡಬೇಕು. ಕರೆಂಟು ಖರ್ಚಾಗುತ್ತದೆ ಅನ್ನುತ್ತಾರೆ, ನಿಜ, ಅದು ಸಣ್ಣ ಮಾತಲ್ಲ. ಆದರೆ ಐಸ್‌ನಿಂದ ತೆಗೆದ ಶಾಖದಲ್ಲೇ ಬೂಟು ಬದಲಿಸುವ ಕೋಣೆಯನ್ನು ಬೆಚ್ಚಗಿಡಬಹುದು. ಐದು ತಿಂಗಳು ಒಳಗೇ ಕೂರುವ ಮಕ್ಕಳಿಗೆ ಆಟದ ಜಾಗ ಕೊಡಲು ಆ ಖರ್ಚು ಮಾಡಬಹುದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಒಟ್ಟಾವಾದ ಬಡಾವಣೆಗಳಲ್ಲಿ 200ಕ್ಕೂ ಹೆಚ್ಚು ಸಣ್ಣ ರಿಂಕ್‌ಗಳಿವೆ. ಬಹುಪಾಲು ನಡೆಯುವುದು ಅಕ್ಕಪಕ್ಕದ ಮನೆಯವರಿಂದ. ನಮ್ಮ ಪಾರ್ಕಿನ ರಿಂಕ್ ನೋಡಿಕೊಳ್ಳುವವರು ರಿಟೈರಾದ ಬಸ್ ಡ್ರೈವರ್. ರಾತ್ರಿ ಹತ್ತಾದ ಮೇಲೆ ಪೈಪು ಎಳೆದುಕೊಂಡು ಬರುತ್ತಾರೆ. ನನ್ನ ಕೈಗೆ ಪೈಪು ಕೊಟ್ಟಾಗ ಹೇಳಿದ್ದು ಒಂದೇ ಮಾತು, ಆತುರ ಬೇಡ. ತೆಳ್ಳಗೆ ಒಂದು ಪದರ ಹಾಯಿಸಬೇಕು, ಅದು ಗಟ್ಟಿಯಾಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು. ಒಮ್ಮೆಲೇ ಜಾಸ್ತಿ ನೀರು ಬಿಟ್ಟರೆ ಮೇಲೆ ಚಿಪ್ಪು ಕಟ್ಟಿ ಒಳಗೆ ಪೊಳ್ಳಾಗುತ್ತದೆ, ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ. ಕೊನೆಗೆ ಪೈಪಿನಲ್ಲಿರುವ ನೀರನ್ನೆಲ್ಲ ಬಸಿದು ಒಳಗಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಅದು ಕೋಲಾಗಿರುತ್ತದೆ. ನೀರು ಬಿದ್ದ ಕಡೆಯೆಲ್ಲ ಸಣ್ಣಗೆ ಆವಿ ಏಳುತ್ತದೆ, ಚಿಟಿಚಿಟಿ ಸದ್ದು ಬರುತ್ತದೆ. ಅವರ ಜೊತೆ ಇರುವವರೆಲ್ಲ ಅರವತ್ತು ದಾಟಿದವರು. ಆ ರಿಂಕ್‌ನಲ್ಲಿ ಆಡುವ ಅರ್ಧಕ್ಕರ್ಧ ಮಕ್ಕಳು ನಮ್ಮಂಥ ಹೊಸಬರ ಮಕ್ಕಳು. ಮತ್ತೆ ಪೈಪು ಹಿಡಿಯಲು ನಾವು ಯಾಕೆ ಹೋಗುವುದಿಲ್ಲ?

ಈ ವಾರ ಬಜೆಟ್ ವಿಷಯಕ್ಕೆ ನಮ್ಮ ವಾರ್ಡಿನ ಕೌನ್ಸಿಲರ್‌ಗೆ ಪತ್ರ ಬರೆದಿದ್ದೇನೆ. ನಿಮ್ಮ ವಾರ್ಡಿಗೂ ಬರೆಯಿರಿ, ನನ್ನ ಪತ್ರ ಬೇಕಿದ್ದರೆ ಕಳಿಸುತ್ತೇನೆ. ಶುಕ್ರವಾರ ರಾತ್ರಿ ಪಾರ್ಕಿನಲ್ಲಿ ಮೊದಲ ಸಲ ನೀರು ಹಾಯಿಸುತ್ತೇವೆ, ಇಬ್ಬರು ಬೇಕು. ಸ್ಕೇಟ್ ಇಲ್ಲ ಅಂತ ಹಿಂಜರಿಯಬೇಡಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯದೇ ಸಿಗುತ್ತದೆ, ಹಾಕಿಕೊಳ್ಳುವ ಮುಂಚೆ ಬ್ಲೇಡ್ ಮಾತ್ರ ಮಸೆಸಿಕೊಳ್ಳಿ. ಮಕ್ಕಳಿಗೆ ಹೆಲ್ಮೆಟ್ ತಪ್ಪಿಸಬೇಡಿ. ನನ್ನ ಮಗಳಿಗೆ ಸಣ್ಣದಾದ ಎರಡು ಜೊತೆ ಸ್ಕೇಟ್ ಮನೆಯಲ್ಲೇ ಇವೆ, ಆರೇಳು ವರ್ಷದ ಮಕ್ಕಳಿಗೆ ಆಗುತ್ತವೆ. ಬೇಕಾದವರು ಮೆಸೇಜ್ ಮಾಡಿ.